ದೀಪ ಬಂತು, ದುರಸ್ತಿ ಬರಲಿಲ್ಲ

ಈ ಸಲದ ಕೊಟ್ಟೂರು ತೇರಿಗೆ ಎರಡು ದಿನ ಮುಂಚೆ ನಾನು ಅಲ್ಲಿಗೆ ಹೋಗಿದ್ದೆ. ತೇರಿನ ದಿನದ ನೂಕುನುಗ್ಗಲನ್ನು ತಾಳುವ ವಯಸ್ಸು ಈಗ ನನ್ನದಲ್ಲ. ಕೊಟ್ಟೂರೇಶ್ವರನ ದರ್ಶನ ಮುಗಿಸಿ, ಆಗತಾನೇ ಬಂದು ನೆಲೆಯೂರುತ್ತಿದ್ದ ಅಂಗಡಿಗಳ ಸಾಲಿನಲ್ಲಿ ನಿಧಾನವಾಗಿ ನಡೆದು ಬರುತ್ತಿದ್ದಾಗ, "ನಮಸ್ಕಾರ್ರೀ ಸಾರ್, ಗುರ್ತು ಸಿಕ್ತೇನ್ರೀ?" ಎಂಬ ದನಿ ಕೇಳಿಸಿತು. ಮೂವತ್ತು ವರ್ಷದ ಕೆಳಗೆ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗ. ಈಗ ತಲೆ ನರೆತಿದೆ. ಬಳೆ, ಆಟಿಕೆ, ಪ್ಲಾಸ್ಟಿಕ್ ಹೂವುಗಳ ವ್ಯಾಪಾರ. ಮಾಘದಲ್ಲಿ ಮೈಲಾರ, ಅದರ ಬೆನ್ನಿಗೇ ಕೊಟ್ಟೂರು, ಶಿವರಾತ್ರಿಯ ಹೊತ್ತಿಗೆ ಕುರುವತ್ತಿ, ಮುಂದೆ ಉಚ್ಚಂಗಿದುರ್ಗ - ಹೀಗೆ ಜಾತ್ರೆಯಿಂದ ಜಾತ್ರೆಗೆ ಅವನ ಸಂಸಾರ ಸಾಗುತ್ತದೆ. ಹಳೆಯ ಗೂಡ್ಸ್ ಗಾಡಿಯೊಂದನ್ನು ಕೊಂಡು, ಅದಕ್ಕೆ ತಗಡಿನ ಮಾಡು ಹಾಕಿಸಿ, ಒಳಗೆ ಒಂದು ಹಲಗೆಯ ಮಂಚ ಹೊಂದಿಸಿಕೊಂಡಿದ್ದಾನೆ. ಹಗಲು ಅದು ಉಗ್ರಾಣ, ರಾತ್ರಿ ಮನೆ.

ವಿದೇಶದಲ್ಲಿರುವ ನನ್ನ ಅಕ್ಕನ ಮಗ ಒಮ್ಮೆ ಫೋನಿನಲ್ಲಿ, ತಾವೆಲ್ಲ ರಜೆಗೆ 'ಕ್ಯಾಂಪರ್' ಎಂಬ ಗಾಡಿ ಮಾಡಿಕೊಂಡು ತಿರುಗಾಡಿದ್ದನ್ನೂ, ಅದರ ಮಾಡಿನ ಮೇಲೆ ಸೌರಫಲಕವಿದ್ದುದನ್ನೂ ದೊಡ್ಡ ಸೋಜಿಗವೆಂಬಂತೆ ವರ್ಣಿಸಿದ್ದ. ಅಂಥದೇ ಗಾಡಿ ನಮ್ಮ ಕೊಟ್ಟೂರಿನ ಜಾತ್ರೆಯ ಬಯಲಿನಲ್ಲಿಯೂ ನಿಂತಿತ್ತು. ಅವನದು ವಿಹಾರ, ಇವನದು ಹೊಟ್ಟೆಪಾಡು, ವ್ಯತ್ಯಾಸ ಅಷ್ಟೇ.

ಈ ಗಾಡಿಯ ಮಾಡಿನ ಮೇಲೂ 75 ವ್ಯಾಟಿನ ಒಂದು ಪ್ಯಾನೆಲ್ ಇತ್ತು. ಒಳಗೆ 12 ವೋಲ್ಟಿನ ಬ್ಯಾಟರಿ, ಒಂದು ಚಾರ್ಜ್ ಕಂಟ್ರೋಲರ್, ನಾಲ್ಕು ಎಲ್‌ಇಡಿ ದೀಪ. "ಸೋಲಾರ್ ಸತ್ತೈತ್ರೀ ಸಾರ್. ಮೈಲಾರದಾಗ ಮೂರು ರಾತ್ರಿ ಕತ್ತಲಾಗ ಇದ್ವಿ. ಹೊಸಾ ಸೆಟ್ಟೇ ಹಾಕಿಸ್ಬೇಕಂತ, ಹನ್ನೆರಡು ಸಾವ್ರ ಹೇಳ್ಯಾರ್ರೀ" ಎಂದ. ಹನ್ನೆರಡು ಸಾವಿರವೆಂದರೆ ಒಂದು ಜಾತ್ರೆಯ ದುಡಿಮೆಯನ್ನು ನುಂಗಿಹಾಕುವ ಮೊತ್ತ. ಕತ್ತಲೆಯಲ್ಲಿ ವ್ಯಾಪಾರವಿಲ್ಲ ಎಂಬುದು ಒಂದು ಕಷ್ಟ. ಬಯಲಿನಲ್ಲಿ ಹೆಂಡತಿ, ಮಗಳೊಂದಿಗೆ ಕತ್ತಲೆಯಲ್ಲಿ ಮಲಗಬೇಕು ಎಂಬುದು ಇನ್ನೊಂದು. ಮಗಳು ಹತ್ತನೆಯ ತರಗತಿ. ಅಜ್ಜಿಯ ಮನೆಯಲ್ಲಿದ್ದು ಓದುವ ಹುಡುಗಿ, ತೇರಿಗೆಂದು ಪುಸ್ತಕಗಳ ಚೀಲದ ಸಮೇತ ಬಂದಿದ್ದಳು.

ಇಲ್ಲಿ ನನ್ನ ಬಾಲ್ಯದ ಒಂದು ಮಾತು. ನಾವು ಚಿಕ್ಕವರಿದ್ದಾಗ ಮೈಲಾರಕ್ಕೆ ಹೋಗುತ್ತಿದ್ದುದು ಕಮಾನು ಕಟ್ಟಿದ ಬಂಡಿಯಲ್ಲಿ. ಬುತ್ತಿ, ನೀರಿನ ಕೊಡ, ಎತ್ತಿನ ಮೇವು, ಹಾಸಿಗೆ ಎಲ್ಲವೂ ಬಂಡಿಯಲ್ಲೇ. ಅಚ್ಚಿನ ಕೆಳಗೆ ಒಂದು ಕಂದೀಲು ತೂಗುತ್ತಿತ್ತು. ಸಂಜೆಯಾದರೆ ಅದರ ಗಾಜನ್ನು ಬೂದಿಯಿಂದ ಉಜ್ಜಿ ಒರೆಸುವುದು, ಬತ್ತಿಯ ಕರಕಲು ಕತ್ತರಿಸುವುದು, ಸೀಮೆಎಣ್ಣೆ ತುಂಬುವುದು ಮಕ್ಕಳಾದ ನಮ್ಮ ಕೆಲಸ. ಕಂದೀಲು ಹೊಗೆಯಾಡಿದರೆ ಏಕೆಂದು ಎಂಟು ವರ್ಷದ ಹುಡುಗನಿಗೂ ತಿಳಿದಿತ್ತು. ಬಂಡಿಯ ಕೀಲು ಸಡಿಲವಾದರೆ ಸರಿಪಡಿಸಲು ಜಾತ್ರೆಯಲ್ಲಿಯೇ ಬಡಿಗರೂ ಕಮ್ಮಾರರೂ ಕುಳಿತಿರುತ್ತಿದ್ದರು. ಆ ಬೆಳಕು ಮಂಕಾದುದು, ಹೊಗೆಯದು. ಅದನ್ನು ಮರಳಿ ಬಯಸುವಷ್ಟು ಮೂಢನಲ್ಲ ನಾನು. ಆದರೆ ಆ ದೀಪ ಪೂರ್ತಿಯಾಗಿ ನಮ್ಮದಾಗಿತ್ತು. ಈಗಿನ ದೀಪ ನೂರು ಪಾಲು ಉತ್ತಮ, ಆದರೆ ಆರಿದರೆ ನಾವು ಅದರೆದುರು ಕೈಕಟ್ಟಿ ನಿಲ್ಲುತ್ತೇವೆ. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಇಷ್ಟನ್ನೇ: ದುರಸ್ತಿಯನ್ನು ಕಲಿಸದೆ ಕೊಟ್ಟ ದೀಪ ಅರ್ಧ ದೀಪ.

ಇರಲಿ, ಗಾಡಿಗೆ ಬರೋಣ. ನನ್ನ ಹಳೆಯ ವಿದ್ಯಾರ್ಥಿ ಸುಮ್ಮನೆ ಕುಳಿತವನಲ್ಲ. ಪ್ಯಾನೆಲ್ ನೋಡಲು ಬಂದವನೊಬ್ಬ ಮೀಟರ್ ಹಿಡಿದು, "ಇಪ್ಪತ್ತು ವೋಲ್ಟ್ ಬರುತ್ತಿದೆ, ಪ್ಯಾನೆಲ್ ಸರಿ ಇದೆ, ಬ್ಯಾಟರಿ ಹೋಗಿದೆ" ಎಂದಿದ್ದನಂತೆ. ಬ್ಯಾಟರಿ ಅಂಗಡಿಯವನು ಅದನ್ನು ಒಂದು ರಾತ್ರಿ ಚಾರ್ಜಿಗೆ ಹಾಕಿ ಕೊಟ್ಟು, "ಬ್ಯಾಟರಿ ಗಟ್ಟಿಯಾಗಿದೆ, ಪ್ಯಾನೆಲ್ ಹೋಗಿರಬೇಕು" ಎಂದನಂತೆ. ಎರಡು ದಿನ ದೀಪ ಉರಿದು ಮತ್ತೆ ಕತ್ತಲೆ. ಮೂರನೆಯವನು ಎರಡನ್ನೂ ಬದಲಿಸಲು ಹೇಳಿದ. ಇಬ್ಬರೂ ಹೇಳಿದ್ದರಲ್ಲಿ ಅರ್ಧ ಸತ್ಯವಿತ್ತು: ಪ್ಯಾನೆಲೂ ಸರಿ ಇತ್ತು, ಬ್ಯಾಟರಿಯೂ ಸರಿ ಇತ್ತು. ಅವೆರಡರ ನಡುವಿನ ತಂತಿಯನ್ನು ಯಾರೂ ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ನನ್ನ ಮಲ್ಟಿಮೀಟರ್ ತೆಗೆದುಕೊಂಡು ಮತ್ತೆ ಹೋದೆ. ನಿವೃತ್ತನಾದ ಮೇಲೆ ಕೊಂಡದ್ದು, ಬೆಲೆ ಕೆಲವು ನೂರು ರೂಪಾಯಿ. ಕಂಟ್ರೋಲರಿನಿಂದ ಪ್ಯಾನೆಲಿನ ತಂತಿಗಳನ್ನು ಬಿಚ್ಚಿ ಅಳೆದಾಗ 20 ವೋಲ್ಟ್ ತೋರಿಸಿತು. ಮತ್ತೆ ಜೋಡಿಸಿ, ವಿದ್ಯುತ್ ಹರಿಯುತ್ತಿರುವಾಗಲೇ ಎರಡು ಕಡೆ ಅಳೆದೆವು. ಮಾಡಿನ ಮೇಲೆ ಪ್ಯಾನೆಲಿನ ಬಳಿ 19.8 ವೋಲ್ಟ್, ಕೆಳಗೆ ಕಂಟ್ರೋಲರಿನ ಬಳಿ 11.9. ಹರಿಯುತ್ತಿದ್ದ ವಿದ್ಯುತ್ 0.2 ಆಂಪಿಯರ್ ಮಾತ್ರ. ಆ ಬಿಸಿಲಿಗೆ ನಾಲ್ಕರ ಹತ್ತಿರ ಇರಬೇಕಾಗಿತ್ತು. ನಡುವೆ ಸುಮಾರು 8 ವೋಲ್ಟ್ ಕಾಣೆಯಾಗಿತ್ತು.

ನನ್ನ ವಿದ್ಯಾರ್ಥಿಗಳಿಗೆ ಓಮ್‌ನ ನಿಯಮ ಮರೆತಿರಲಾರದೆಂದು ನಂಬಿದ್ದೇನೆ. 8 ವೋಲ್ಟನ್ನು 0.2 ಆಂಪಿಯರಿನಿಂದ ಭಾಗಿಸಿದರೆ 40 ಓಮ್. ತಂತಿಯ ದಾರಿಯಲ್ಲಿ ಎಲ್ಲಿಯೋ 40 ಓಮ್‌ನ ಅಡ್ಡಿಯೊಂದು ಅಡಗಿ ಕುಳಿತಿದೆ ಎಂದಾಯಿತು. ತಂತಿ ಬಿಚ್ಚಿ ಅಳೆದವನಿಗೆ ಅದು ಏಕೆ ಕಾಣಲಿಲ್ಲ? ಮನೆಯ ನಲ್ಲಿಯನ್ನು ನೆನೆಯಿರಿ. ಕೊಳವೆಯಲ್ಲಿ ಕಸ ಕಟ್ಟಿದ್ದರೂ ನಲ್ಲಿ ಮುಚ್ಚಿರುವ ತನಕ ಒತ್ತಡ ಪೂರ್ತಿಯಾಗಿಯೇ ಇರುತ್ತದೆ. ತಿರುಗಿಸಿದಾಗಲೇ ನೀರು ತೊಟ್ಟಿಕ್ಕುವುದು ತಿಳಿಯುತ್ತದೆ. ವಿದ್ಯುತ್ ಹರಿಯದಿದ್ದಾಗ ಅಡ್ಡಿಯಲ್ಲಿ ವೋಲ್ಟೇಜು ಕುಸಿಯುವುದಿಲ್ಲ. ಹರಿಸಿ ಅಳೆಯದವನಿಗೆ ರೋಗ ಸಿಗುವುದಿಲ್ಲ.

ಮಾಡಿಗೆ ಹತ್ತಿ ನೋಡಿದವನು ನನ್ನ ವಿದ್ಯಾರ್ಥಿಯೇ. ಹಿಂದೊಮ್ಮೆ ಪ್ಯಾನೆಲಿನ ಜಾಗ ಬದಲಿಸುವಾಗ ಯಾರೋ ಕಾರ್ಖಾನೆಯ ಕನೆಕ್ಟರನ್ನು ಕತ್ತರಿಸಿ ಬಿಸಾಡಿ, ತಂತಿಗಳನ್ನು ಕೈಯಲ್ಲಿ ಹೊಸೆದು ಟೇಪು ಸುತ್ತಿದ್ದರು. ಬಿಸಿಲಿಗೆ ಟೇಪಿನ ಅಂಟು ಕರಗಿ, ಮಳೆಗೆ ನೀರು ಇಳಿದು, ಗಾಡಿಯ ಕುಲುಕಾಟಕ್ಕೆ ಎಳೆಗಳು ಸಡಿಲವಾಗಿ, ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು. ಪ್ಯಾನೆಲಿನಿಂದ ಕೆಳಗಿಳಿದ ತಂತಿಯೂ ಮನೆಯೊಳಗೆ ಬಳಸುವ ಸಾಧಾರಣ ಪಿವಿಸಿ ತಂತಿ. ಬಿಸಿಲಿಗೆ ಅದರ ಹೊದಿಕೆ ಸುಲಿದ ನೆಲಗಡಲೆಯ ಸಿಪ್ಪೆಯಂತೆ ಬಿರಿದಿತ್ತು. ಅದರ ಗಾತ್ರವೋ ಕೇವಲ 1 ಚದರ ಮಿಲಿಮೀಟರ್. ಹೋಗಿಬರುವ ದಾರಿ ಸೇರಿ 12 ಮೀಟರ್ ಉದ್ದಕ್ಕೆ ಅದು ಸುಮಾರು 0.21 ಓಮ್ ತಡೆಯೊಡ್ಡುತ್ತದೆ. 4 ಆಂಪಿಯರ್ ಹರಿದರೆ 0.84 ವೋಲ್ಟ್ ದಾರಿಯಲ್ಲೇ ನಷ್ಟ. ಮನೆಯ 230 ವೋಲ್ಟಿನಲ್ಲಿ ಅದು ಲೆಕ್ಕಕ್ಕಿಲ್ಲ. 12 ವೋಲ್ಟಿನಲ್ಲಿ ನೂರಕ್ಕೆ ಏಳು ಪಾಲು. 4 ಚದರ ಮಿಲಿಮೀಟರಿನ ತಂತಿಯಾದರೆ ನಷ್ಟ ಅದರ ಕಾಲುಭಾಗ.

ನಮ್ಮ ಸೀಮೆಯಲ್ಲಿ ಈ ಲೆಕ್ಕಕ್ಕೆ ಇನ್ನೂ ಹೆಚ್ಚಿನ ಬೆಲೆಯಿದೆ. ಸೌರಕೋಶಕ್ಕೆ ಬೇಕಾದುದು ಬೆಳಕು, ಕಾವಲ್ಲ. ಪ್ಯಾನೆಲಿನ ಮೇಲೆ ಬರೆದಿರುವ ವ್ಯಾಟುಗಳು ಕೋಶದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇದ್ದಾಗಿನವು. ಒಂದೊಂದು ಡಿಗ್ರಿ ಏರಿದಂತೆ ಸಿಲಿಕಾನ್ ಪ್ಯಾನೆಲು ನೂರಕ್ಕೆ ಸುಮಾರು 0.4ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಬೇಸಗೆಯಲ್ಲಿ ಕಾದ ತಗಡಿನ ಮೇಲೆ ಅದು 65 ಡಿಗ್ರಿ ಮುಟ್ಟಿದರೆ ಆರರಲ್ಲಿ ಒಂದು ಪಾಲು ಹೋದಂತೆಯೇ, ವೋಲ್ಟೇಜೂ ಇಳಿಯುತ್ತದೆ. ಆದ್ದರಿಂದ ಪ್ಯಾನೆಲನ್ನು ತಗಡಿಗೆ ಅಂಟಿಸದೆ, ನಾಲ್ಕು ಬೆರಳು ಎತ್ತರಿಸಿ ಕೆಳಗೆ ಗಾಳಿಯಾಡುವಂತೆ ಕೂರಿಸಬೇಕು.

ಆದರೆ ನನ್ನನ್ನು ನಿಜವಾಗಿ ಬೆಚ್ಚಿಬೀಳಿಸಿದ್ದು ಇದಾವುದೂ ಅಲ್ಲ. ಬ್ಯಾಟರಿಯಿಂದ ದೀಪಗಳಿಗೆ ಹೋಗುವ ಎರಡೆಳೆಯ ವೈರು, ಮಾಡಿನ ಪಟ್ಟಿಯ ಒಂದು ಬೋಲ್ಟಿನ ಕೆಳಗೆ ಸಿಕ್ಕಿ ಜಜ್ಜಿತ್ತು. ಹೊದಿಕೆ ಸವೆದು, ಎರಡು ತಂತಿಗಳ ನಡುವೆ ಕೂದಲೆಳೆಯಷ್ಟು ಅಂತರವೂ ಉಳಿದಿರಲಿಲ್ಲ, ಸುತ್ತ ಕಪ್ಪಾಗಿತ್ತು. ಆ ದಾರಿಯಲ್ಲಿ ಫ್ಯೂಸೇ ಇರಲಿಲ್ಲ. ಪ್ಯಾನೆಲಿನ ತಂತಿಗಳು ತಾಗಿಕೊಂಡರೆ ಅದು ನಾಲ್ಕೈದು ಆಂಪಿಯರಿಗಿಂತ ಹೆಚ್ಚು ಕೊಡಲಾರದು. ಬ್ಯಾಟರಿ ಹಾಗಲ್ಲ; ಅದರ ತಂತಿಗಳು ಕೂಡಿಕೊಂಡರೆ ನೂರಾರು ಆಂಪಿಯರ್ ಒಮ್ಮೆಲೇ ನುಗ್ಗುತ್ತದೆ. ಸುತ್ತಲೂ ಪ್ಲಾಸ್ಟಿಕ್ ಹೂವು, ರಟ್ಟಿನ ಪೆಟ್ಟಿಗೆ; ಪಕ್ಕದಲ್ಲೇ ಮಲಗಿದ ಸಂಸಾರ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ಎಂಬುದೊಂದೇ ಎಲ್ಲರಿಗೂ ಗೊತ್ತು. ಅದು ಗಾಡಿ ಸುಡಬಲ್ಲದು ಎಂಬುದು ಗೊತ್ತಿಲ್ಲ. ಪ್ಯಾನೆಲಿನ ಕಡೆಯ ದೋಷದಿಂದ ಕತ್ತಲೆಯಾಗುತ್ತದೆ. ಬ್ಯಾಟರಿಯ ಕಡೆಯ ದೋಷದಿಂದ ಬೆಂಕಿಯಾಗುತ್ತದೆ. ಈ ಒಂದು ವಾಕ್ಯವನ್ನು ದಯವಿಟ್ಟು ನೆನಪಿಡಿರಿ.

ದುರಸ್ತಿ ಮಾಡಿದ ಬಗೆಯನ್ನು ಚಿಕ್ಕದಾಗಿ ಹೇಳುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಬಿಸಿಲಿರುವ ತನಕ ಪ್ಯಾನೆಲನ್ನು 'ಆಫ್' ಮಾಡಲು ಬರುವುದಿಲ್ಲವಾದ್ದರಿಂದ ಅದರ ಮೇಲೆ ಕಂಬಳಿ ಹೊದಿಸಿದೆವು. ಮೊದಲು ಪ್ಯಾನೆಲಿನ ತಂತಿ, ಆಮೇಲೆ ಬ್ಯಾಟರಿಯ ತಂತಿ ಬಿಚ್ಚಿದೆವು. ಜೋಡಿಸುವಾಗ ಇದರ ತಿರುಗುಮುರುಗು, ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬ್ಯಾಟರಿಗೆ ಕೈಹಾಕುವ ಮೊದಲು ಉಂಗುರ, ಕಡಗ ತೆಗೆದಿಡಿಸಿದೆ. ಮಾಡಿನಿಂದ ಕೆಳಕ್ಕೆ ಬಿಸಿಲು ತಡೆಯುವ 4 ಚದರ ಮಿಲಿಮೀಟರಿನ ಸೋಲಾರ್ ತಂತಿ ಎಳೆದು, ತುದಿಗೆ ಸರಿಯಾದ ಕನೆಕ್ಟರನ್ನು ಇಕ್ಕಳದಿಂದ ಒತ್ತಿ ಕೂರಿಸಿದೆವು. ತಂತಿ ತಗಡನ್ನು ತೂರುವ ರಂಧ್ರಕ್ಕೆ ರಬ್ಬರಿನ ಬುಷ್. ಒಳಹೊಗುವ ಮುನ್ನ ತಂತಿಯನ್ನು ಸ್ವಲ್ಪ ಕೆಳಕ್ಕೆ ಜೋಲುಬಿಟ್ಟೆವು, ಮಳೆನೀರು ಅಲ್ಲಿಯೇ ತೊಟ್ಟಿಕ್ಕಿ ಬೀಳಲೆಂದು. ಗೇಣಿಗೊಂದು ಕ್ಲಿಪ್ಪು. ಬ್ಯಾಟರಿಯ ಧನ ತುದಿಯ ಹತ್ತಿರವೇ 10 ಆಂಪಿಯರಿನ ಫ್ಯೂಸು. ಜಜ್ಜಿದ ವೈರನ್ನು ಪೂರ್ತಿ ಬದಲಿಸಿದೆವು. ಒಟ್ಟು ಖರ್ಚು ಒಂದು ಸಾವಿರದೊಳಗೆ. ಕಂಬಳಿ ಸರಿಸಿದಾಗ ಹನ್ನೊಂದು ಗಂಟೆಯ ಬಿಸಿಲಿಗೆ ಮೀಟರು 3.8 ಆಂಪಿಯರ್ ತೋರಿಸಿತು.

'ಮಾಡಿದೆವು' ಎಂದು ಬಹುವಚನದಲ್ಲಿ ಬರೆಯುತ್ತಿದ್ದೇನೆ. ನಿಜ ಹೇಳಬೇಕೆಂದರೆ ನಾನು ಅಳೆದೆ, ಲೆಕ್ಕ ಹೇಳಿದೆ. ಕೆಲಸ ಪೂರ್ತಿ ಅವನದು. ತಂತಿಯ ಹೊದಿಕೆ ಸುಲಿಯುವಾಗ ಒಂದೆಳೆ ತಾಮ್ರವೂ ತುಂಡಾಗದಂತೆ ಅವನು ಚಾಕು ಆಡಿಸಿದ ರೀತಿಯನ್ನು ನೋಡುತ್ತಾ ನನಗೆ ಹಳೆಯದೊಂದು ನೆನಪು ಬಂದು ಮುಖ ತಗ್ಗಿತು. ಒಂಬತ್ತನೆಯ ತರಗತಿಯಲ್ಲಿದ್ದಾಗ ಈ ಹುಡುಗ ಪ್ರಯೋಗಶಾಲೆಯ ವಿದ್ಯುತ್ ಗಂಟೆಯನ್ನು ಬಿಚ್ಚಿ ಹರಡಿದ್ದ. ನಾನು ಅವನನ್ನು ದಿನವಿಡೀ ತರಗತಿಯ ಹೊರಗೆ ನಿಲ್ಲಿಸಿದ್ದೆ. ಗಂಟೆಯನ್ನು ಅವನೇ ಮತ್ತೆ ಜೋಡಿಸಿದ್ದ, ಅದು ಬಾರಿಸುತ್ತಲೂ ಇತ್ತು ಎಂಬುದನ್ನು ಮರುದಿನ ಜವಾನ ಹೇಳಿದಾಗಲೂ ನಾನು ಅದಕ್ಕೆ ಬೆಲೆ ಕೊಡಲಿಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತದಲ್ಲಿ ನಪಾಸಾಗಿ ಅವನು ಶಾಲೆ ಬಿಟ್ಟ. ಮೂವತ್ತು ವರ್ಷಕ್ಕೂ ಮಿಕ್ಕಿ ನಾನು ಓಮ್‌ನ ನಿಯಮ ಕಲಿಸಿದೆ. ಅಮ್ಮೀಟರು ಸರಣಿಯಲ್ಲಿ, ವೋಲ್ಟ್‌ಮೀಟರು ಸಮಾಂತರದಲ್ಲಿ ಎಂದು ಅಂದವಾದ ಚಿತ್ರ ಬರೆಸಿದೆ. ಉಪಕರಣಗಳು ಕೆಟ್ಟಾವೆಂಬ ಭಯದಿಂದ ಅವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಒಬ್ಬ ವಿದ್ಯಾರ್ಥಿಯ ಕೈಯಲ್ಲೂ ಒಂದು ತಂತಿ ಸುಲಿಸಲಿಲ್ಲ. ಇದು ಇತರರನ್ನು ದೂರುವ ಲೇಖನವಾಗಬಾರದೆಂದು ಮೊದಲು ನನ್ನ ತಪ್ಪನ್ನೇ ಬರೆದಿಟ್ಟಿದ್ದೇನೆ.

ಈಗ ವಿಷಯದ ಇನ್ನೊಂದು ಮಗ್ಗುಲು. ಸೌರಶಕ್ತಿ ನಮ್ಮ ಭಾಗಕ್ಕೆ ಹೊರಗಿನ ಮಾತಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ - ಐದೂ ಊರುಗಳು ಉತ್ತರ ಅಕ್ಷಾಂಶ 15 ಡಿಗ್ರಿಯ ಆಸುಪಾಸಿನಲ್ಲಿವೆ. ದಕ್ಷಿಣಕ್ಕೆ ಸುಮಾರು 15 ಡಿಗ್ರಿ ವಾಲಿಸಿದ ಪ್ಯಾನೆಲು ವರ್ಷವಿಡೀ ಚೆನ್ನಾಗಿ ದುಡಿಯುತ್ತದೆ. ಹರಪನಹಳ್ಳಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ಐದೂ ತಾಲ್ಲೂಕುಗಳು ಹೊಸ ವಿಜಯನಗರ ಜಿಲ್ಲೆಗೆ ಸೇರಿದವು. ಜಿಲ್ಲೆಯ ಹೆಸರು ಬದಲಾಯಿತೇ ಹೊರತು ಬಿಸಿಲು ಬದಲಾಗಲಿಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಅದೇ ಬಿಸಿಲನ್ನು ನಂಬಿ 2050 ಮೆಗಾವ್ಯಾಟಿನ ಸೌರ ಪಾರ್ಕು ಎದ್ದಿದೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ 'ಪಿಎಂ ಸೂರ್ಯ ಘರ್' ಯೋಜನೆಯನ್ನು ಆರಂಭಿಸಿ, ಒಂದು ಕೋಟಿ ಮನೆಗಳ ಮಾಡಿಗೆ ಪ್ಯಾನೆಲು ಹಾಕಿಸುವ ಗುರಿ ಇಟ್ಟುಕೊಂಡಿತು. 3 ಕಿಲೋವ್ಯಾಟಿಗೆ 78,000 ರೂಪಾಯಿಯ ಸಹಾಯಧನ. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಪ್ಯಾನೆಲಿನ ಆಯುಸ್ಸು ಇಪ್ಪತ್ತೈದು ವರ್ಷ. ಕೈಯಲ್ಲಿ ಹೊಸೆದು ಟೇಪು ಸುತ್ತಿದ ಗಂಟಿನ ಆಯುಸ್ಸು ಎರಡು ಮಳೆಗಾಲ. ಸಹಾಯಧನ ಇಪ್ಪತ್ತೈದು ವರ್ಷದ ವಸ್ತುವಿಗೆ ದೊರೆಯುತ್ತದೆ, ಎರಡು ಮಳೆಗಾಲದ ಗಂಟನ್ನು ಮಾತ್ರ ಯಾರೂ ಕೇಳುವುದಿಲ್ಲ.

ದುರಸ್ತಿಯನ್ನು ಕಲಿಸಲು ಸಾಧ್ಯವಿಲ್ಲವೆಂದು ಹೇಳುವವರಿಗೆ ನಮ್ಮ ದೇಶದಲ್ಲೇ ಉತ್ತರವಿದೆ. ರಾಜಸ್ಥಾನದ ತಿಲೋನಿಯಾ ಎಂಬ ಹಳ್ಳಿಯಲ್ಲಿ ಬಂಕರ್ ರಾಯ್ ಅವರು 1972ರಲ್ಲಿ ಸ್ಥಾಪಿಸಿದ 'ಬೇರ್‌ಫುಟ್ ಕಾಲೇಜು', ಓದುಬರಹವಿಲ್ಲದ ಹಳ್ಳಿಯ ಹೆಂಗಸರಿಗೆ ಸೌರದೀಪ ಜೋಡಿಸುವುದನ್ನೂ ರಿಪೇರಿ ಮಾಡುವುದನ್ನೂ ಕಲಿಸಿತು. ಆಫ್ರಿಕಾದ ದೇಶಗಳಿಂದ ಬಂದ ಅಜ್ಜಿಯಂದಿರೂ ಅಲ್ಲಿ ಕಲಿತು ಹೋದರು. ಸಮಾನ ಭಾಷೆಯೇ ಇಲ್ಲದ ಕಡೆ ಬಣ್ಣಗಳ ಗುರುತು, ಕೈಸನ್ನೆಗಳಿಂದ ಪಾಠ ನಡೆಯಿತು. ನಮ್ಮ ಕರ್ನಾಟಕದಲ್ಲಿಯೇ 1995ರಲ್ಲಿ ಸೆಲ್ಕೋ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರಾದ ಹರೀಶ್ ಹಂದೆಯವರು, ಬಡವರು ಸೌರದೀಪಕ್ಕೆ ಹಣ ಕೊಡಲಾರರು, ಅದನ್ನು ಕಾಪಾಡಲಾರರು ಎಂಬ ನಂಬಿಕೆ ಸುಳ್ಳೆಂದು ತೋರಿಸಿದರು; ದೀಪದ ಜೊತೆಗೆ ಸಾಲದ ಏರ್ಪಾಡು, ಮಾರಾಟದ ನಂತರದ ಸೇವೆ ಎರಡೂ ಇರಬೇಕೆಂಬುದು ಅವರ ದಾರಿ. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಓದದ ಅಜ್ಜಿಯರು ಕಲಿತದ್ದನ್ನು ನಮ್ಮ ಹತ್ತನೆಯ ತರಗತಿಯ ಮಕ್ಕಳು ಕಲಿಯಲಾರರೇ?

ನನ್ನ ಸ್ನೇಹಿತರೊಬ್ಬರು, ಅವರೂ ನಿವೃತ್ತ ಶಿಕ್ಷಕರೇ, ಈ ಮಾತಿಗೆ ಆಕ್ಷೇಪವೆತ್ತಿದರು: "ವಿದ್ಯುತ್ತಿನ ಕೆಲಸವನ್ನು ಮಕ್ಕಳ ಕೈಗೆ ಕೊಟ್ಟು ಅನಾಹುತ ಮಾಡಿಸಬೇಡಿ. ಅದಕ್ಕೆ ಕಲಿತವರಿದ್ದಾರೆ." ಆಕ್ಷೇಪದಲ್ಲಿ ಹುರುಳಿದೆ. ಮನೆಯ ಮಾಡಿನ ಮೇಲೆ ಹಲವು ಪ್ಯಾನೆಲುಗಳನ್ನು ಸರಣಿಯಲ್ಲಿ ಜೋಡಿಸಿದಾಗ ನೂರಾರು ವೋಲ್ಟ್ ಏಕಮುಖ ವಿದ್ಯುತ್ ಇರುತ್ತದೆ. ಮನೆಗೆ ಬರುವ ಪರ್ಯಾಯ ವಿದ್ಯುತ್ತು ಕ್ಷಣಕ್ಕೆ ನೂರು ಬಾರಿ ಸೊನ್ನೆ ಮುಟ್ಟುತ್ತದೆ, ಕಿಡಿ ಆರಲು ಅವಕಾಶವಿದೆ. ಏಕಮುಖ ವಿದ್ಯುತ್ತಿನ ಕಿಡಿಗೆ ಆ ಬಿಡುವಿಲ್ಲ, ಹತ್ತಿದರೆ ಉರಿಯುತ್ತಲೇ ಇರುತ್ತದೆ. ಅಂಥದನ್ನು ತರಬೇತಿ ಪಡೆದವರೇ ಮುಟ್ಟಬೇಕು, ನಾನೂ ಮುಟ್ಟುವುದಿಲ್ಲ. ಅದಕ್ಕೆಂದೇ 2015ರಲ್ಲಿ ಕೇಂದ್ರವು 'ಸೂರ್ಯಮಿತ್ರ' ತರಬೇತಿಯನ್ನು ಆರಂಭಿಸಿತು. ನಾನು ಹೇಳುತ್ತಿರುವುದು ಬಂಡಿ, ಗಾಡಿ, ಗುಡಿಸಲು, ಕುರಿಹಟ್ಟಿಗಳ 12 ವೋಲ್ಟಿನ ದೀಪದ ಮಾತು. ಅಲ್ಲಿಗೆ ತಜ್ಞರು ಬರುವುದಿಲ್ಲ. ಬಂದರೂ ಒಂದು ತಂತಿಗಾಗಿ ಬರುವುದಿಲ್ಲ. ಕಲಿಸದಿದ್ದರೆ ಜನ ಮುಟ್ಟದೆ ಬಿಡುತ್ತಾರೆಯೇ? ಇಲ್ಲ, ಕಲಿಯದೆಯೇ ಮುಟ್ಟುತ್ತಾರೆ. ಆ ಜಜ್ಜಿದ ವೈರು, ಇಲ್ಲದ ಫ್ಯೂಸು, ಎಲ್ಲವೂ ಕಲಿಸದಿದ್ದುದರ ಫಲ.

ಆದ್ದರಿಂದ ನನ್ನ ಸಲಹೆ ಸಣ್ಣದು, ಖರ್ಚೂ ಸಣ್ಣದು. ಪ್ರತಿಯೊಂದು ಪ್ರೌಢಶಾಲೆಯ ಮಾಡಿನ ಮೇಲೆ ಒಂದು ಚಿಕ್ಕ ಪ್ಯಾನೆಲು, ಒಂದು ಬ್ಯಾಟರಿ, ಎರಡು ದೀಪ, ಒಂದು ಮಲ್ಟಿಮೀಟರ್ ಇರಲಿ. ಅದನ್ನು ಒಂಬತ್ತನೆಯ ತರಗತಿಯವರು ಕಾಪಾಡಲಿ. ವಾರಕ್ಕೊಮ್ಮೆ ಬೆಳಗಿನ ತಂಪಿನಲ್ಲಿ ಧೂಳು ತೊಳೆಯಲಿ, ವೋಲ್ಟೇಜು, ಆಂಪಿಯರು ಅಳೆದು ಬರೆದಿಡಲಿ. ಪ್ಯಾನೆಲಿನ ಒಂದು ಮೂಲೆಗೆ ಅಂಗೈ ಅಡ್ಡ ಹಿಡಿದು ನೋಡಲಿ: ಕೋಶಗಳು ಸರಣಿಯಲ್ಲಿರುವುದರಿಂದ ಇಷ್ಟು ಚಿಕ್ಕ ನೆರಳಿಗೂ ವಿದ್ಯುತ್ತು ಎಷ್ಟೊಂದು ಇಳಿಯುತ್ತದೆಂದು ಅವರೇ ಕಾಣಲಿ. ಮೇಷ್ಟರು ಬೇಕೆಂದೇ ಒಂದು ತಂತಿ ಸಡಿಲಿಸಿ, ಹುಡುಕಿರೆಂದು ಬಿಡಲಿ. ಅದನ್ನು ಪತ್ತೆಹಚ್ಚಿದ ಮಗುವಿಗೆ ಓಮ್‌ನ ನಿಯಮವನ್ನು ಮತ್ತೆ ಬಾಯಿಪಾಠ ಮಾಡಿಸಬೇಕಾಗಿಲ್ಲ. ಇನ್ನು ಸಹಾಯಧನದಲ್ಲಿ ಕೊಡುವ ಪ್ರತಿ ದೀಪದ ಪೆಟ್ಟಿಗೆಯ ಒಳಮುಚ್ಚಳದಲ್ಲಿ, ಯಾವ ತಂತಿ ಎಲ್ಲಿಗೆ, ಫ್ಯೂಸು ಎಷ್ಟರದು, ಬಿಚ್ಚುವ ಕ್ರಮ ಯಾವುದು ಎಂಬ ಚಿತ್ರವನ್ನು ಕನ್ನಡದಲ್ಲಿ ಅಂಟಿಸಿರಲಿ. ಮೈಲಾರ, ಕೊಟ್ಟೂರುಗಳ ಜಾತ್ರೆಯಲ್ಲಿ ಹಿಂದೆ ಕಮ್ಮಾರ ಬಡಿಗರು ಕುಳಿತಿದ್ದ ಹಾಗೆ, ಐಟಿಐ ಹುಡುಗರು ನಾಲ್ಕು ದಿನ ಒಂದು ದುರಸ್ತಿಯ ಮೇಜು ಹಾಕಿಕೊಂಡು ಕೂರಲಿ. ನಿಮ್ಮಲ್ಲಿ ಹಲವರು ಈಗ ಶಿಕ್ಷಕರು, ಇಂಜಿನಿಯರುಗಳು, ಪಂಚಾಯಿತಿ ಸದಸ್ಯರು ಆಗಿದ್ದೀರಿ. ಒಂದೊಂದು ಶಾಲೆಗೆ ಒಂದೊಂದು ಮಲ್ಟಿಮೀಟರ್ ಕೊಡಿಸುವುದು ನಿಮಗೆ ಭಾರವಾಗಲಾರದು. ಆದರೆ ಕೊಡುವಾಗ, ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಬಾರದೆಂಬ ಷರತ್ತನ್ನೂ ಹಾಕಿರಿ.

ಅಂದು ಮೀಟರನ್ನು ನಾನು ಮರಳಿ ತರಲಿಲ್ಲ, ಹುಡುಗಿಗೇ ಕೊಟ್ಟುಬಂದೆ. ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಅಳೆದು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆಯಬೇಕೆಂದು ಹೇಳಿದ್ದೆ. ಶಿವರಾತ್ರಿಯ ಮಾರನೆಯ ದಿನ ಕುರುವತ್ತಿಯಿಂದ ಫೋನು ಬಂತು. "ಸಾರ್, ನಿನ್ನೆ ಎರಡೂವರೀನೇ ತೋರಿಸ್ತಿತ್ರೀ. ಮ್ಯಾಲೆ ಹತ್ತಿ ನೋಡಿದ್ರ ಅಪ್ಪ ತಾಡಪಾಲ್ ಮಡಚಿ ಪ್ಯಾನೆಲ್ ಮ್ಯಾಲೆ ಇಟ್ಟಿದ್ರು. ತೆಗೆದೆ, ಮೂರೂ ಮುಕ್ಕಾಲು ಬಂತ್ರೀ" ಎಂದಳು. ನಾನು ಏನೂ ಹೇಳಿಕೊಡಬೇಕಾಗಿರಲಿಲ್ಲ. ಪರೀಕ್ಷೆಗೆ ಚೆನ್ನಾಗಿ ಓದಿಕೊಳ್ಳಮ್ಮಾ ಎಂದು ಹೇಳಿ ಫೋನು ಇಟ್ಟೆ.